ಅಪ್ಪ ಕೇಳಿದ ತಂತಿಯ ನಕಲು

ನನ್ನ ಅಪ್ಪನಿಗೆ ಅವರ ಮನೆಯವರು ಒಮ್ಮೆ ಉತ್ತರಕ್ರಿಯೆ ಮಾಡಿ ಮುಗಿಸಿದ್ದರು. ಆಗ ಅಪ್ಪ ಇನ್ನೂ ಮೀಸೆ ಸರಿಯಾಗಿ ಮೂಡದ ಹುಡುಗ. ಎರಡನೇ ಮಹಾಯುದ್ಧದ ಕಾಲ. ಬಸ್ರಾದಲ್ಲಿ ಬ್ರಿಟಿಷ್ ಸರಕಾರದ ಸೈನ್ಯದ ಉಗ್ರಾಣವೊಂದರಲ್ಲಿ ಕೂತು, ನೊಣ ಓಡಿಸುತ್ತ, ಗೋದಿಹಿಟ್ಟಿನ ಚೀಲಗಳ ಲೆಕ್ಕ ಬರೆಯುತ್ತಿದ್ದರು. ಇತ್ತ ಗದಗಿನ ಹತ್ತಿರದ ಊರಲ್ಲಿ ಅವರ ಹೆಸರು ಹೇಳಿ ದರ್ಭೆಯ ಗೊಂಬೆ ಸುಟ್ಟು, ಹದಿಮೂರು ದಿನದ ಕರ್ಮ ಮಾಡಿ, ಊರಿಗೆಲ್ಲ ಊಟ ಹಾಕಿದ್ದರು.

ಅಪ್ಪ ಇದನ್ನು ತಮಾಷೆಯ ಕಥೆಯಾಗಿ ಹೇಳುತ್ತಿದ್ದರು. ವಡೋದರಾದ ಮಂಜಲ್‌ಪುರದಲ್ಲಿ ನಮ್ಮ ಮನೆಯ ಮುಂದೆ ಕಬ್ಬಿಣದ ಉಯ್ಯಾಲೆಯೊಂದಿತ್ತು. ರೈಲ್ವೆಯ ಪಾರ್ಸೆಲ್ ಆಫೀಸಿನಿಂದ ನಿವೃತ್ತರಾದ ಮೇಲೆ ಅವರ ಸಂಜೆಗಳೆಲ್ಲ ಅದರ ಮೇಲೆಯೇ ಕಳೆಯುತ್ತಿದ್ದವು. ಕಾರ್ಖಾನೆಯ ಪಾಳಿ ಮುಗಿಸಿ ಬಂದ ಗುಜರಾತಿ ನೆರೆಯವರು ಚಪ್ಪಲಿ ಕಳಚಿ ಮೆಟ್ಟಿಲ ಮೇಲೆ ಕೂತು, ಕಾಕಾ, ನಿಮ್ಮ ಎರಡನೇ ಜನ್ಮದ ಕಥೆ ಹೇಳಿ ಎಂದು ಪೀಡಿಸುತ್ತಿದ್ದರು. ಅಪ್ಪ ತಮ್ಮ ಅರ್ಧ ಹಿಂದಿ ಅರ್ಧ ಗುಜರಾತಿಯಲ್ಲಿ ಶುರು ಮಾಡುತ್ತಿದ್ದರು. ಕೈಗಳನ್ನು ಆಡಿಸುತ್ತ, ನಡುವೆ ನಿಲ್ಲಿಸಿ ಚಹಾ ಕುಡಿಯುತ್ತ, ಕೇಳುವವರನ್ನು ಚೆನ್ನಾಗಿ ಕಾಯಿಸುತ್ತಿದ್ದರು.

ಕಥೆ ಹೀಗಿತ್ತು. ಮ್ಯಾಟ್ರಿಕ್ ಫೇಲಾದ ಹುಡುಗ ಮತ್ತೆ ಪರೀಕ್ಷೆಗೆ ಕಟ್ಟಿ ಬರುತ್ತೇನೆಂದು ಹೇಳಿ ಮನೆ ಬಿಟ್ಟವನು ಬೆಳಗಾವಿಗೆ ಹೋಗಿ ಸೈನ್ಯಕ್ಕೆ ಸೇರಿದ. ಅಲ್ಲಿಂದ ಮುಂಬಯಿ, ಮುಂಬಯಿಯಿಂದ ಹಡಗು, ಹಡಗಿಳಿದರೆ ಬಸ್ರಾ. ಎರಡನೇ ವರ್ಷ ಅವನು ಕಾಣೆಯಾಗಿದ್ದಾನೆ, ಸತ್ತಿರಬೇಕು ಎಂದು ಸರಕಾರದ ತಂತಿಯೊಂದು ತಪ್ಪಾಗಿ ಊರಿಗೆ ಬಂತು. ಮನೆಯವರು ಅತ್ತು ಕರೆದು ಕರ್ಮ ಮುಗಿಸಿದರು. ಯುದ್ಧ ನಿಂತ ಮೇಲೆ ಸತ್ತವನು ಖಾಕಿ ಚಡ್ಡಿ ಹಾಕಿಕೊಂಡು ಟ್ರಂಕು ಹೊತ್ತು ಬಾಗಿಲಿಗೆ ಬಂದು ನಿಂತ. ಒಮ್ಮೆ ಪಿಂಡ ಇಡಿಸಿಕೊಂಡವನನ್ನು ಹಾಗೇ ಮನೆಯೊಳಗೆ ಕರೆದುಕೊಳ್ಳುವಂತಿಲ್ಲ. ಪುರೋಹಿತರನ್ನು ಕರೆಸಿದರು. ಅವನನ್ನು ದೊಡ್ಡ ಕೊಪ್ಪರಿಗೆಯಲ್ಲಿ ಕೂಡಿಸಿ, ತಲೆಗೆ ತುಪ್ಪ ಸುರಿದು, ಈಗ ತಾನೇ ಹುಟ್ಟಿದ ಕೂಸೆಂದು ಮಂತ್ರ ಹೇಳಿದರು. ಕಿವಿಯಲ್ಲಿ ಹೆಸರು ಕೂಗಿದರು, ಅದೇ ಹಳೆಯ ಹೆಸರು. ಆಮೇಲೆ ಮುಂಜಿ. ಗಡ್ಡ ಬಂದ ಮಗ ಬೆರಳು ಚೀಪಿಕೊಂಡು ಕೂರಬೇಕಿತ್ತೇ ಎಂದು ಅಪ್ಪ ಕೇಳುವಾಗ ಮೆಟ್ಟಿಲ ಮೇಲಿನವರು ಬಿದ್ದು ಬಿದ್ದು ನಗುತ್ತಿದ್ದರು.

ನಗು ನಿಂತ ಮೇಲೆ ಅಪ್ಪ ಯಾವಾಗಲೂ ಒಂದು ಮಾತು ಸೇರಿಸುತ್ತಿದ್ದರು. ತನ್ನ ತಾಯಿ ಆ ಹದಿಮೂರೂ ದಿನ ಕಣ್ಣೀರು ಒರೆಸಿಕೊಳ್ಳಲಿಲ್ಲವಂತೆ, ನೀರು ಸಹ ಮುಟ್ಟದೆ ಬಿದ್ದಿದ್ದಳಂತೆ. ಬದುಕಿದ್ದಾಗಲೇ ತಾಯಿ ತನಗಾಗಿ ಎಷ್ಟು ಅತ್ತಳೆಂದು ತಿಳಿಯುವ ಪುಣ್ಯ ಯಾರಿಗಿದೆ ಎನ್ನುತ್ತಿದ್ದರು. ಕೇಳಿದ ನೆರೆಯ ಹೆಂಗಸರು ಸೆರಗಿನಿಂದ ಕಣ್ಣೊತ್ತಿಕೊಳ್ಳುತ್ತಿದ್ದರು. ನನ್ನ ಅಮ್ಮ ಬದುಕಿದ್ದ ತನಕ, ಈ ಕಥೆ ಶುರುವಾಯಿತೆಂದರೆ ಒಳಗೆ ಹೋಗಿ ಪಾತ್ರೆ ತೊಳೆಯಲು ನಿಲ್ಲುತ್ತಿದ್ದಳು. ತೊಳೆದ ಪಾತ್ರೆಯನ್ನೇ ಮತ್ತೆ ತೊಳೆಯುತ್ತಿದ್ದಳು. ಕೇಳಿ ಕೇಳಿ ಬೇಸರ ಬಂದಿರಬೇಕು ಎಂದು ನಾನು ಅಂದುಕೊಂಡಿದ್ದೆ.

ಅಮ್ಮ ಹೋದ ಮೇಲೆ ಮನೆಯಲ್ಲಿ ಉಳಿದದ್ದು ಅಪ್ಪ ಮತ್ತು ನಾನು. ನಾನು ಮದುವೆಯಾಗಲಿಲ್ಲ. ಫತೇಗಂಜಿನ ಬ್ಯಾಂಕಿನ ಶಾಖೆಯೊಂದರಲ್ಲಿ ಕೆಲಸ. ಖಾತೆದಾರ ಸತ್ತರೆ ವಾರಸುದಾರರ ಅರ್ಜಿ ನೋಡುವ ಮೇಜು ನನ್ನದು. ಸತ್ತವರ ಮನೆಯವರು ಹೇಗೆಲ್ಲ ಅಳುತ್ತಾರೆ, ಯಾರ ಅಳು ಎಲ್ಲಿಗೆ ನಿಲ್ಲುತ್ತದೆ ಎಂಬುದನ್ನು ನೋಡಿ ನೋಡಿ ನನ್ನ ನಾಲಿಗೆ ಖಾರವಾಗಿತ್ತು ಎಂದು ಶಾಖೆಯಲ್ಲಿ ಎಲ್ಲರೂ ಹೇಳುತ್ತಿದ್ದರು. ಹೇಳಲಿ, ಸುಳ್ಳೇನಲ್ಲ.

ತೊಂಬತ್ತರ ದಶಕದ ನಡುವಿನ ಒಂದು ಬೇಸಿಗೆಯಲ್ಲಿ ಅಪ್ಪನಿಗೆ ಕಣ್ಣಿನ ಪೊರೆಯ ಆಪರೇಷನ್ ಆಯಿತು. ಹಸಿರು ಬಟ್ಟೆ ಕಟ್ಟಿಕೊಂಡು ಉಯ್ಯಾಲೆಯ ಮೇಲೆ ಮಲಗಿದ್ದವರು ಒಂದು ಮಧ್ಯಾಹ್ನ ನನ್ನನ್ನು ಕರೆದರು.

“ಆ ತಂತಿ ಇತ್ತಲ್ಲಾ, ನಾ ಸತ್ತೇನಿ ಅಂತ ಬಂದದ್ದು. ಅದರ ನಕಲು ಸೈನ್ಯದ ದಫ್ತರದಾಗ ಇರಬೇಕು. ತರಿಸಿಕೊಡು.”

“ಈಗ ಯಾಕಪ್ಪಾ ಅದು?”

“ನೋಡಬೇಕನಸ್ತದ.”

“ಇಷ್ಟ ವರ್ಷ ಅನಸಲಿಲ್ಲ?”

“ಇಷ್ಟ ವರ್ಷ ಅನಸಲಿಲ್ಲ,” ಎಂದರು. ಕಣ್ಣಿನ ಬಟ್ಟೆಯನ್ನು ಮುಟ್ಟಿ ನೋಡಿಕೊಂಡು, “ಕಣ್ಣು ಬಂದ ಮ್ಯಾಲ ಮೊದಲ ಅದನ್ನ ಓದಬೇಕು,” ಎಂದರು.

ನನಗೆ ನಗು ಬಂತು, ಜೊತೆಗೆ ಕರುಣೆಯೂ ಬಂತು. ಕಾಗದ ಹುಡುಕುವುದು ನನಗೇನೂ ಹೊಸದಲ್ಲ. ಅಪ್ಪನಿಗೆ ತಮ್ಮ ಸೈನ್ಯದ ನಂಬರು ಬಾಯಿಪಾಠವಿತ್ತು. ನನ್ನ ಹುಟ್ಟಿದ ದಿನ ಮರೆಯುತ್ತಿದ್ದ ಮನುಷ್ಯ ಆ ನಂಬರನ್ನು ಕಣ್ಣು ಕಟ್ಟಿಕೊಂಡೇ ಗಡಗಡ ಹೇಳಿ ಬರೆಸಿದರು. ಆದರೆ ಹಳೆಯ ದಾಖಲೆಗಳ ಕಚೇರಿಯವರಿಗೆ ನಂಬರೊಂದೇ ಸಾಲದು. ಸೈನ್ಯ ಬಿಟ್ಟಾಗ ಕೊಟ್ಟ ಬಿಡುಗಡೆ ಪತ್ರ ಬೇಕು, ಅದಿಲ್ಲದಿದ್ದರೆ ಜೊತೆಯಲ್ಲಿ ಕೆಲಸ ಮಾಡಿದವರು ಯಾರಾದರೂ ಇವರೇ ಅವರು ಎಂದು ಬರೆದುಕೊಡಬೇಕು. ಬಿಡುಗಡೆ ಪತ್ರವನ್ನು ಅಪ್ಪ ರೈಲ್ವೆ ಸೇರುವಾಗ ಒಪ್ಪಿಸಿದ್ದರು. ಅದು ಈಗ ಎಲ್ಲಿದೆಯೋ ಯಾರಿಗೂ ಗೊತ್ತಿರಲಿಲ್ಲ.

ಜೊತೆಯವರೊಬ್ಬರು ಅಹಮದಾಬಾದಿನಲ್ಲಿದ್ದರು. ಬೆಳಗಾವಿಯ ಕಡೆಯ ಮರಾಠರು, ಬಸ್ರಾದಲ್ಲಿ ಅಪ್ಪನ ತುಕಡಿಯ ಹವಾಲ್ದಾರ ಕಾರಕೂನರಾಗಿದ್ದವರು. ಮಗನಿಗೆ ನರೋಡಾದಲ್ಲಿ ಯಂತ್ರದ ಬಿಡಿಭಾಗ ಮಾಡುವ ಸಣ್ಣ ಕಾರ್ಖಾನೆಯಿತ್ತು. ಪ್ರತಿ ದೀಪಾವಳಿಗೆ ಅವರಿಂದ ಅಪ್ಪನಿಗೆ ಲಕ್ಷ್ಮಿಯ ಚಿತ್ರವಿದ್ದ ಒಂದು ಕಾರ್ಡು ಬರುತ್ತಿತ್ತು. ಅಪ್ಪ ಮಾತ್ರ ಅವರನ್ನು ಯಾವತ್ತೂ ಮನೆಗೆ ಕರೆದಿರಲಿಲ್ಲ. ಅವರ ಹತ್ತಿರ ಹೋಗಲೇ ಎಂದು ಕೇಳಿದಾಗ ಉಯ್ಯಾಲೆಯನ್ನು ಕಾಲಿನಿಂದ ತಡೆದು ನಿಲ್ಲಿಸಿ, ಹೋಗು ಎಂದರು.

ಒಂದು ಭಾನುವಾರ ಬೆಳಗಿನ ರೈಲು ಹಿಡಿದು ಹೋದೆ. ನರೋಡಾದ ಕಡೆ ಬಸ್ಸು ತಿರುಗುತ್ತಲೇ ಕೆಮಿಕಲ್ಲಿನ ವಾಸನೆಗೆ ಮೂಗು ಉರಿಯುತ್ತದೆ. ಅಲ್ಲಿಯವರಿಗೆ ಅದು ಗೊತ್ತೇ ಆಗುವುದಿಲ್ಲ. ಮುದುಕರು ಕಾರ್ಖಾನೆಯ ಹಿಂದಿನ ಮನೆಯಲ್ಲಿ, ಫ್ಯಾನಿನ ಕೆಳಗೆ ಬನಿಯನ್ನು ಹಾಕಿಕೊಂಡು ಕೂತಿದ್ದರು. ಬೆಳಗಾವಿಯ ಕನ್ನಡ ಮಾತಾಡಲು ಒಬ್ಬಳು ಸಿಕ್ಕಳೆಂದು ಅವರಿಗೆ ಖುಷಿಯೋ ಖುಷಿ. ತಾವು ಯುದ್ಧ ಗೆದ್ದ ಬಗೆಯನ್ನೆಲ್ಲ ವಿವರಿಸಿದರು. ಅವರ ಪ್ರಕಾರ ಅವರ ಟೈಪ್‌ರೈಟರ್ ಇಲ್ಲದಿದ್ದರೆ ಬ್ರಿಟಿಷರು ಸೋತೇಹೋಗುತ್ತಿದ್ದರು. ನಾನು ಕೊಟ್ಟ ಕಾಗದಕ್ಕೆ ಧಾರಾಳವಾಗಿ ಸಹಿ ಹಾಕಿದರು. ಹಾಕಿದ ಮೇಲೆ, ಇದೆಲ್ಲ ಯಾತಕ್ಕೆ ಎಂದು ಕೇಳಿದರು. ತಂತಿಯ ಕಥೆ ಹೇಳಿದೆ.

“ಮಿಸ್ಸಿಂಗ? ಯಾರು, ನಿಮ್ಮಪ್ಪ?” ಅವರು ಸಹಿ ಮಾಡಿದ ಪೆನ್ನಿಗೆ ಟೊಪ್ಪಿಗೆ ಹಾಕುತ್ತಿದ್ದರು. “ಕಳಕೊಳ್ಳಾಕ ಬಸ್ರಾದಾಗ ಏನಿತ್ತವಾ? ನಾಕೂ ಕಡೆ ಉಸುಕು. ಅವಗ ಮಲೇರಿಯಾ ಬಂದು ದವಾಖಾನಿಯೊಳಗ ಇದ್ದ, ಅದು ಖರೆ. ಸತ್ತವರದು, ಕಾಣದವರದು ಯಾದಿ ಟೈಪ್ ಮಾಡಾಂವಾ ನಾನ. ನಿಮ್ಮಪ್ಪನ ಹೆಸರು ನನ್ನ ಕೈಯಾಗ ಒಂದಿನಾನೂ ಬಂದಿಲ್ಲ.”

“ಬ್ಯಾರೆ ಯಾರಾದ್ರೂ ಟೈಪ್ ಮಾಡಿರಬೇಕು,” ಎಂದೆ.

“ಮಾಡಿದ್ರ ಅವನ ಪಗಾರ ನಿಲ್ಲತಿತ್ತು. ಮನಿಗೆ ಹೋಗೂ ಮನಿಆರ್ಡರೂ ನಿಲ್ಲತಿತ್ತು. ಅದೇನೂ ನಿಂತಿಲ್ಲ. ಹೋಗಿ ಅವನ್ನ ಕೇಳು, ಅವಗ ಗೊತ್ತೈತಿ.”

ನನಗೆ ಮೈಯೆಲ್ಲ ಉರಿಯಿತು. ಅಪ್ಪನ ಬದುಕಿನಲ್ಲಿ ಹೇಳಿಕೊಳ್ಳುವಂಥದ್ದು ಅಂತ ಇದ್ದದ್ದು ಅದೊಂದೇ ಕಥೆ, ಅದಕ್ಕೂ ಈ ಬಡಾಯಿಕೋರ ಮುದುಕ ಕಲ್ಲು ಹಾಕುತ್ತಿದ್ದಾನಲ್ಲ ಎನ್ನಿಸಿತು. ಅವರ ಸೊಸೆ ತಂದಿಟ್ಟ ಥೇಪ್ಲಾ ರೊಟ್ಟಿ ಮುಟ್ಟದೆ ಎದ್ದು ಬಂದೆ. ರೈಲಿನಲ್ಲಿ ಕಿಟಕಿಗೆ ತಲೆಯಾನಿಸಿ, ಅರುವತ್ತು ದಾಟಿದ ಮೇಲೆ ಗಂಡಸರಿಗೆ ಯಾಕೆ ಇಷ್ಟು ಸುಳ್ಳು ಬೇಕಾಗುತ್ತದೆ ಎಂದು ಅವರನ್ನು ಬಯ್ಯುತ್ತ ಬಂದೆ. ಮನೆಯಲ್ಲಿ ಅಪ್ಪ, ಏನಂದ ಎಂದು ಕೇಳಿದರು. ಸಹಿ ಹಾಕಿದರು ಎಂದಷ್ಟೇ ಹೇಳಿದೆ. ಮತ್ತೇನಾದರೂ ಅಂದನೇ ಎಂದು ಇನ್ನೊಮ್ಮೆ ಕೇಳಿದರು. ಇಲ್ಲ ಎಂದೆ.

ಅರ್ಜಿ ಕಳಿಸಿದೆ. ಹಗಲು ಮನೆಯಲ್ಲಿ ಅಪ್ಪ ಒಬ್ಬರೇ, ಕಣ್ಣು ಇನ್ನೂ ಮಂಜು. ಅದಕ್ಕೇ ಬ್ಯಾಂಕಿನ ವಿಳಾಸ ಕೊಟ್ಟಿದ್ದೆ. ಮಳೆಗಾಲ ಬಂದು ಅರ್ಧವಾದರೂ ಉತ್ತರವಿಲ್ಲ. ಅಪ್ಪ ದಿನಾ ಸಂಜೆ ಗೇಟಿನ ಸದ್ದಿಗೆ ತಲೆಯೆತ್ತಿ, ಬಂತೇನು ಎಂದು ಕೇಳುವರು. ಮೊದಲೆಲ್ಲ ಪ್ರೀತಿಯಿಂದ ಇಲ್ಲ ಎನ್ನುತ್ತಿದ್ದೆ. ಆಮೇಲೆ ಬಂದರೆ ನಾನೇ ಹೇಳುವುದಿಲ್ಲವೇ ಎಂದು ಸಿಡುಕಿದೆ. ಆಮೇಲೆ ಅವರು ಬಾಯಿಬಿಟ್ಟು ಕೇಳುವುದು ಬಿಟ್ಟು, ತಲೆ ಮಾತ್ರ ಎತ್ತುತ್ತಿದ್ದರು.

ಉತ್ತರ ಬಂದ ದಿನ ನನ್ನ ಮೇಜಿನ ಮುಂದೆ ಒಬ್ಬ ವಿಧವೆ ಕೂತಿದ್ದರು. ಅವರನ್ನು ಕಾಯಲು ಹೇಳಿ ಲಕೋಟೆ ಒಡೆದೆ. ಒಂದೇ ಪುಟ, ಇಂಗ್ಲಿಷಿನಲ್ಲಿ, ಚುಟುಕಾಗಿ. ಇಂಥ ನಂಬರಿನವರು ಸೇರಿದ ವರ್ಷ, ಬಿಟ್ಟ ವರ್ಷ, ಬಸ್ರಾ, ನಡತೆ ತೃಪ್ತಿಕರ. ಇವರು ಕಾಣೆಯಾದರೆಂದಾಗಲೀ ತೀರಿಕೊಂಡರೆಂದಾಗಲೀ ಯಾವ ವರದಿಯೂ ಇಲ್ಲ. ಮನೆಗೆ ಅಂಥ ತಂತಿ ಕಳಿಸಿದ ದಾಖಲೆಯೂ ಇಲ್ಲ. ಸಂಬಳದ ಒಂದು ಪಾಲು ಅವರು ಸೂಚಿಸಿದಂತೆ ಅವರ ತಾಯಿಗೆ ಪ್ರತಿ ತಿಂಗಳೂ ಸಂದಾಯವಾಗಿದೆ. ಸೇವೆ ಮುಗಿಯುವ ತನಕ ಒಮ್ಮೆಯೂ ನಿಂತಿಲ್ಲ.

ನಾನು ದಿನಾ ನೋಡುವ ಕೆಲಸವೇ ಅದು: ಯಾರು ಸತ್ತರು, ಯಾರ ಹೆಸರಿಗೆ ಹಣ, ಯಾರು ಹೆಬ್ಬೆಟ್ಟು ಒತ್ತಿದರು. ಬೇರೆಯವರ ಕಾಗದವಾಗಿದ್ದರೆ ಒಂದು ನೋಟದಲ್ಲಿ ವಿಷಯ ಹೊಳೆಯುತ್ತಿತ್ತು. ಇದನ್ನು ಮತ್ತೆ ಮತ್ತೆ ಓದಬೇಕಾಯಿತು. ಊರಲ್ಲಿ ಗೊಂಬೆ ಸುಟ್ಟರು, ಪಿಂಡ ಇಟ್ಟರು, ಊಟ ಹಾಕಿದರು. ಮುಂದಿನ ತಿಂಗಳು ಅಂಚೆಯವನು ಬಂದಾಗ ಅಜ್ಜಿ ಕೈ ಚಾಚಿದಳು. ಸತ್ತ ಮಗ ಸಂಬಳ ಕಳಿಸುತ್ತಿದ್ದ, ಇವರು ಇಸಿದುಕೊಳ್ಳುತ್ತಿದ್ದರು. ಎದುರಿಗಿದ್ದ ವಿಧವೆ, ಬೇನ್, ಹುಷಾರಾಗಿದ್ದೀರಾ ಎಂದು ಕೇಳಿದರು. ಅವರ ಅರ್ಜಿಯನ್ನು ತಪ್ಪು ಕಡತಕ್ಕೆ ಸೇರಿಸಿದ್ದು ನನಗೆ ಮರುದಿನ ಗೊತ್ತಾಯಿತು.

ಆ ಸಂಜೆ ಅಪ್ಪ ತಲೆಯೆತ್ತಿದಾಗ ಇನ್ನೂ ಬಂದಿಲ್ಲ ಎಂದೆ. ಅವರ ತಾಯಿಯ ಫೋಟೋ ದೇವರ ಗೂಡಿನ ಪಕ್ಕದಲ್ಲಿತ್ತು. ನಾನೇ ದಿನಾ ಅದಕ್ಕೆ ಹೂ ಏರಿಸುತ್ತಿದ್ದೆ. ಅವತ್ತು ಏರಿಸಲಿಲ್ಲ.

ಆ ಮನೆಯವರಲ್ಲಿ ಬದುಕಿ ಉಳಿದಿದ್ದವಳು ಅಪ್ಪನ ತಂಗಿ, ನನ್ನ ಅತ್ಯಾ. ಗಂಡ ತೀರಿದ ಮೇಲೆ ಮಗನ ಜೊತೆ ಸೂರತ್‌ನಲ್ಲಿದ್ದಳು. ಅವನು ವಿಮೆಯ ಕಚೇರಿಯಲ್ಲಿದ್ದ. ಅಪ್ಪನಿಗೆ ಅವಳೆಂದರೆ ಜೀವ. ಪ್ರತಿ ವರ್ಷ ರಾಖಿಗೆ ಅವಳು ವಡೋದರಾಕ್ಕೆ ಬರಲೇಬೇಕು, ಬರುವ ತನಕ ಅಪ್ಪ ಊಟ ಮಾಡುವುದಿಲ್ಲ. ರಾಖಿಗೆ ಇನ್ನೂ ಕೆಲವು ದಿನಗಳಿದ್ದವು. ಬ್ಯಾಂಕಿನ ಕೆಲಸವೆಂದು ಅಪ್ಪನಿಗೆ ಹೇಳಿ ಸೂರತ್‌ಗೆ ಹೋದೆ.

ಪ್ಲೇಗಿನ ಗಲಾಟೆ ಆದ ಮೇಲೆ ಸೂರತ್ ಗುರುತೇ ಸಿಗದಷ್ಟು ಚೊಕ್ಕಟವಾಗಿತ್ತು. ಅತ್ಯಾಳ ಮನೆಯ ಹಿಂದಿನ ಗಲ್ಲಿಯಲ್ಲಿ ಮಾತ್ರ ಮೊದಲಿನಂತೆಯೇ ಮಗ್ಗಗಳು ಹಗಲಿಡೀ ಬಡಿದುಕೊಳ್ಳುತ್ತಿದ್ದವು. ಆ ಮನೆಯಲ್ಲಿ ಎಲ್ಲರೂ ಕೂಗಿಯೇ ಮಾತಾಡುವುದು. ಮಗ ಸೊಸೆ ಕೆಲಸಕ್ಕೆ ಹೋಗಿದ್ದರು. ಅತ್ಯಾ ನೆಲದ ಮೇಲೆ ಕೂತು ಮೆಂತ್ಯದ ಸೊಪ್ಪು ಬಿಡಿಸುತ್ತಿದ್ದಳು. ಅಣ್ಣ ಹ್ಯಾಂಗಿದ್ದಾನ, ಕಣ್ಣು ಹ್ಯಾಂಗದ ಎಂದು ಕೇಳಿದಳು. ನಾನು ಚೀಲದಿಂದ ಕಾಗದ ತೆಗೆದು, ಕನ್ನಡದಲ್ಲಿ ಓದಿ ಹೇಳಿದೆ.

ಅವಳು ಸೊಪ್ಪು ಬಿಡಿಸುವುದನ್ನು ನಿಲ್ಲಿಸಲಿಲ್ಲ. “ಅಣ್ಣಗ ತೋರಿಸೀ ಏನು?” ಎಂದಳು.

“ಇಲ್ಲ. ಮೊದಲ ನೀ ಹೇಳು. ತಂತಿ ಬಂದಿತ್ತೋ ಇಲ್ಲೋ?”

“ಯಾವ ತಂತಿ?” ಎನ್ನುತ್ತ ಸೊಪ್ಪಿನ ಇನ್ನೊಂದು ಕಟ್ಟು ಬಿಚ್ಚಿದಳು. ಮಗ್ಗಗಳು ಬಡಿಯುತ್ತಿದ್ದವು. ಆಮೇಲೆ ತಾನೇ ಹೇಳತೊಡಗಿದಳು. “ನನ್ನ ಮದವಿ ಗೊತ್ತಾಗಿತ್ತು. ಹುಡುಗನ ಮನಿಯವರು ಭಾಳ ಮಡಿವಂತರು. ಈ ಮನಿ ಮಗ ಸೈನ್ಯ ಸೇರಿ ಸಮುದ್ರ ದಾಟ್ಯಾನ, ಅಲ್ಲೆ ಎಲ್ಲಾರ ಜೋಡಿ ಉಣ್ತಾನ ಅಂತ ಅವರಿಗೆ ಯಾರೋ ಹೇಳಿದ್ರು. ಜಾತಿ ಕೆಟ್ಟವನ ತಂಗೀನ ನಾವು ಹ್ಯಾಂಗ ತರೋಣು ಅಂದ್ರು. ನಮ್ಮಪ್ಪ ಎರಡ ದಿನಾ ಊಟ ಬಿಟ್ಟ. ಮೂರನೇ ದಿನಾ ಗದಗಕ್ಕ ಹೋಗಿ ಬಂದು, ತಂತಿ ಬಂದದ ಅಂದ.”

“ಕಾಣೆಯಾದವರಿಗೆ ಹನ್ನೆರಡು ವರ್ಷ ಕಾಯಬೇಕಲ್ಲ, ಶಾಸ್ತ್ರದ ಪ್ರಕಾರ?”

“ಮದವಿ ಹನ್ನೆರಡ ವರ್ಷ ನಿಲ್ತದೇನು? ಅದಕ್ಕ ತಂತಿ ಬೇಕಾತು. ಸತ್ತವಗ ಜಾತಿ ಕೆಡೂದಿಲ್ಲ. ಹುಡುಗನ ಮನಿಯವರೂ ಹದಿಮೂರನೇ ದಿನಾ ಬಂದು ಉಂಡು ಹೋದ್ರು.”

“ಮನಿಆರ್ಡರು?”

ಅತ್ಯಾ ದಂಟುಗಳನ್ನು ಒಂದು ಕಡೆ ಸರಿಸಿದಳು. “ಅಂಚಿಯವಗ ಹೇಳಿದ್ರು, ಹಿತ್ತಲ ಬಾಗಲಕ್ಕ ಬಾ ಅಂತ. ಅವ್ವ ದನದ ಕೊಟಗಿಯೊಳಗ ನಿಂತು ಹೆಬ್ಬೆಟ್ಟ ಒತ್ತತಿದ್ದಳು. ನನ್ನ ಮದವಿ ಸೀರಿ ಅದರೊಳಗ ಬಂತು. ನನಗ ಗೊತ್ತಿತ್ತು. ಎಲ್ಲಾ ಗೊತ್ತಿತ್ತು. ಹದಿನಾಲ್ಕ ವರ್ಷದ ಹುಡುಗಿ, ಬಾಯಿ ಬಿಟ್ಟರ ಎಲ್ಲಿಗೆ ಹೋಗಬೇಕಿತ್ತು ನಾ?”

ಹದಿನಾಲ್ಕರಲ್ಲಿ ಬಾಯಿ ಬಿಡಲಾಗಲಿಲ್ಲ, ಸರಿ. ನಲವತ್ತರಲ್ಲಿ? ಐವತ್ತರಲ್ಲಿ? ಪ್ರತಿ ವರ್ಷ ಅವನ ಕೈಗೆ ದಾರ ಕಟ್ಟುವಾಗ? ಇದನ್ನೆಲ್ಲ ನಾನು ಕೇಳಿಯೇ ಕೇಳಿದೆ, ಮಗ್ಗದ ಸದ್ದಿಗಿಂತ ಜೋರಾಗಿ ಕೇಳಿದೆ. ಅತ್ಯಾ ಅಳುತ್ತಾಳೆಂದುಕೊಂಡಿದ್ದೆ, ಅಳಲಿಲ್ಲ. ಎಂದೋ ಒಂದು ದಿನ ಯಾರಾದರೂ ಕೇಳುತ್ತಾರೆಂದು ಕಾಯ್ದು ಕೂತವಳ ಹಾಗಿದ್ದಳು.

“ಅಜ್ಜಿ ಹದಿಮೂರು ದಿನ ಅತ್ತಳಂತ ಅಪ್ಪ ಹೇಳ್ತಾರ,” ಎಂದೆ. “ಅದೂ ಸುಳ್ಳ ಏನು?”

“ಅವ್ವ ಒಂದ ಹನಿ ಕಣ್ಣೀರ ಹಾಕಲಿಲ್ಲ. ಬಂದ ಹೆಣ್ಣಮಕ್ಕಳೆಲ್ಲ ಎದಿ ಬಡಕೊಂಡು ಅತ್ತರು, ನಮ್ಮಪ್ಪ ಕಣ್ಣ ಕೆಂಪ ಮಾಡಿ, ಮಂದಿ ನೋಡ್ಲಿಕ್ಕತ್ತಾರ ಅಳು ಅಂತ ಬೈದ. ಆಕಿ ಗ್ವಾಡಿಗೆ ಒರಗಿ ಕೂತಳು. ಬದುಕಿದ ಮಗನ ಸಲುವಾಗಿ ಅತ್ತರ ಅವನ ಆಯುಷ್ಯ ಕಡಿಮಿ ಆಗ್ತದ, ನಾ ಅಳೂದಿಲ್ಲ ಅಂತ ನನ್ನ ಮುಂದ ಅಂದಳು. ಕಲ್ಲಮನಸಿನ ಹೆಂಗಸು ಅಂತ ಊರೆಲ್ಲ ಅಂತು.”

ಬರುವಾಗ ರೈಲಿನಲ್ಲಿ ನನ್ನ ಕೈಯಲ್ಲಿ ಇದ್ದದ್ದು ಅದೊಂದೇ. ತಂತಿಯಿಲ್ಲ, ತಪ್ಪು ಸರಕಾರದ್ದಲ್ಲ, ಹೆತ್ತವರೇ ಕೊಂದರು; ಆದರೆ ತಾಯಿ ಅಳಲಿಲ್ಲ, ಅಳದೆ ಕಾಯ್ದಳು. ಇಷ್ಟನ್ನಾದರೂ ಅಪ್ಪನಿಗೆ ಕೊಡಬಹುದು ಎಂದುಕೊಂಡೆ. ಕಾಗದ ತೋರಿಸದೆ ಹರಿದುಹಾಕಬಹುದಿತ್ತು. ಆದರೆ ಪ್ರತಿ ಸಂಜೆ ತಲೆಯೆತ್ತಿ ನೋಡುವ ಮನುಷ್ಯನಿಗೆ ಎಷ್ಟು ದಿನ ಇಲ್ಲ ಎನ್ನುವುದು? ಸುಳ್ಳು ಹೇಳುವ ಆ ಮನೆತನದ ಬುದ್ಧಿ ನನ್ನಲ್ಲಿ ಮುಂದುವರಿಯುವುದು ಬೇಡವೆಂದೂ ಅನ್ನಿಸಿತು. ನನಗೆ ಆಗ ಅಷ್ಟು ಸಿಟ್ಟಿತ್ತು.

ಮರುದಿನ ಬೆಳಿಗ್ಗೆ ಚಹಾ ಕುಡಿದಾದ ಮೇಲೆ ಕಾಗದವನ್ನು ಅಪ್ಪನ ಕೈಯಲ್ಲಿಟ್ಟೆ. ದಪ್ಪ ಗಾಜಿನ ಹೊಸ ಕನ್ನಡಕ ಹಾಕಿಕೊಂಡು, ಬೆಳಕಿಗೆ ಹಿಡಿದು, ತುಟಿ ಅಲ್ಲಾಡಿಸುತ್ತ ಓದಿದರು. ಸಂದಾಯವಾದ ಸಾಲಿನ ಹತ್ತಿರ ಬೆರಳು ನಿಂತಿತು. ನಾನು ಪಕ್ಕದಲ್ಲಿ ನಿಂತು ಸೂರತ್‌ನಲ್ಲಿ ಕೇಳಿದ್ದನ್ನೆಲ್ಲ ಹೇಳಿದೆ. ಮದುವೆ, ಹಿತ್ತಲ ಬಾಗಿಲು, ಕೊಟ್ಟಿಗೆ, ಸೀರೆ. ಸೀರೆಯ ಮಾತನ್ನು ಬಿಡಬಹುದಿತ್ತು, ಬಿಡಲಿಲ್ಲ. ಅಪ್ಪ ಒಂದು ಸಲವೂ ತಡೆಯಲಿಲ್ಲ. ಹೌದೇ, ಹಾಗೇ ಎಂದೂ ಕೇಳಲಿಲ್ಲ.

“ನಿಮಗ ಗೊತ್ತಿತ್ತು,” ಎಂದೆ.

ಅವರು ಕನ್ನಡಕ ತೆಗೆದು ಧೋತರದ ಅಂಚಿನಲ್ಲಿ ಒರೆಸಿದರು. “ಮನಿಆರ್ಡರು ತಗೊಳ್ಳೋರು ಇಲ್ಲಂದ್ರ ವಾಪಸ್ ಬರ್ತದ. ನಂದು ಒಂದೂ ವಾಪಸ್ ಬರಲಿಲ್ಲ. ಬಸ್ರಾದಾಗ ಇದ್ದಾಗ ಅದರಾಗೇನು ವಿಶೇಷ ಅನಸಲಿಲ್ಲ. ಮನಿ ಮುಂದ ಬಂದು ನಿಂತಾಗ, ನೀ ಸತ್ತೀ ಅಂತ ತಂತಿ ಬಂದಿತ್ತು ಅಂದ್ರು. ನಾ ಅವ್ವನ ಮುಖ ನೋಡಿದೆ. ಸತ್ತ ಮಗ ಬಂದು ಬಾಗಲದಾಗ ನಿಂತ್ರ ತಾಯಿ ಮುಖ ಹಂಗ ಇರೂದಿಲ್ಲ. ಆಕಿಗೆ ಆಶ್ಚರ್ಯ ಆಗಲಿಲ್ಲ. ಹೆದರಿಕಿ ಆಗಿತ್ತು.”

“ಮತ್ತ ಕೊಪ್ಪರಿಗಿಯೊಳಗ ಯಾಕ ಕೂತ್ರಿ?”

“ಕೂಡು ಅಂದ್ರು, ಕೂತೆ. ತಂಗಿ ಗಂಡನ ಮನಿಯವರೂ ಬಂದಿದ್ರು.”

ಅಂದರೆ ಇಷ್ಟು ವರ್ಷ ಆ ಉಯ್ಯಾಲೆಯ ಮೇಲೆ ಕೂತು ಇವರು ನಗಿಸುತ್ತಿದ್ದದ್ದು ಇದನ್ನೇ. ನನ್ನ ಅಮ್ಮ ತೊಳೆದ ಪಾತ್ರೆ ಮತ್ತೆ ತೊಳೆಯುತ್ತಿದ್ದದ್ದೂ ಇದಕ್ಕೇ ಇರಬೇಕು. ಹಾಗಿದ್ದ ಮೇಲೆ ನನ್ನನ್ನೇಕೆ ಊರೂರು ಅಲೆಸಿದಿರಿ, ಇಲ್ಲದ ಕಾಗದ ತಾ ಎಂದು ಯಾಕೆ ಕಳಿಸಿದಿರಿ ಎಂದು ಕೇಳಿದೆ. ನನ್ನ ದನಿ ಏರಿತ್ತು. ಪಕ್ಕದ ಮನೆಯ ಕಾಕಿ ಕಿಟಕಿಯಿಂದ ಇಣುಕಿ ನೋಡಿದಳು.

“ಇದ್ದರೂ ಇರಬಹುದು ಅಂತ,” ಎಂದರು ಅಪ್ಪ. “ಖರೇನ ಒಂದ ತಂತಿ ಬಂದಿದ್ದರೂ ಬಂದಿರಬಹುದು. ತಪ್ಪ ತಿಳಕೊಂಡಾಂವಾ ನಾನ ಇರಬಹುದು ಅಂತ ಒಂದ ಆಸೆ. ಇಲ್ಲಂದ್ರ ಇಲ್ಲ. ಇಲ್ಲಾಂತ ಯಾರಿಗಾದ್ರೂ ಒಬ್ಬರಿಗೆ ಗೊತ್ತಾಗಬೇಕಿತ್ತು. ನನ್ನ ಬಾಯಲೆ ಅವ್ವನ ಮ್ಯಾಲ ಹೇಳ್ಲಿಕ್ಕೆ ಆಗಲಿಲ್ಲ. ಅದಕ್ಕ ನಿನ್ನ ಕಳಿಸಿದೆ.”

ಐವತ್ತು ವರ್ಷ ನುಂಗಿದ್ದನ್ನು ಹೊರಲು ಅವರಿಗೆ ಸಿಕ್ಕವಳು ನಾನು. ಅಂಥ ಅಪ್ಪನ ಮೇಲೆ ಸಿಟ್ಟು ಮಾಡಬಾರದು. ನನಗೆ ಸಿಟ್ಟು ಬಂತು, ಈಗಲೂ ಇದೆ. ಆದರೂ ಸೂರತ್‌ನಿಂದ ತಂದಿದ್ದ ಆ ಒಂದೇ ಒಳ್ಳೆಯ ಮಾತನ್ನು ಹೇಳಿದೆ. ಅಜ್ಜಿ ಅಳಲಿಲ್ಲ ಎಂದೆ. ನಿಮ್ಮ ಆಯುಷ್ಯ ಕಡಿಮೆಯಾಗಬಾರದೆಂದು, ಬೈಸಿಕೊಂಡರೂ ಅಳದೆ ಕೂತಿದ್ದಳಂತೆ ಎಂದೆ. ಅಪ್ಪನ ಮುಖ ಸ್ವಲ್ಪವಾದರೂ ಸಡಿಲವಾಗುತ್ತದೆಂದು ನೋಡುತ್ತ ನಿಂತೆ.

ಅಪ್ಪ ಕನ್ನಡಕವನ್ನು ಮತ್ತೆ ಮೂಗಿಗೇರಿಸಿದರು.

“ಅಳದಿದ್ರ ಏನಾತು,” ಎಂದರು. “ಹೇಳಬಹುದಿತ್ತು. ನಾ ಬಂದ ಮ್ಯಾಲ ಎಷ್ಟ ವರ್ಷ ಬದುಕಿದ್ದಳು. ರಜಾಕ್ಕ ಊರಿಗೆ ಹೋದಾಗೆಲ್ಲ ಆಕಿ ಕಾಲ ಹತ್ರ ಕೂಡತಿದ್ದೆ, ಈಗ ಹೇಳ್ತಾಳ, ಈಗ ಹೇಳ್ತಾಳ ಅಂತ. ಊಟ ಮಾಡು ಅಂತಿದ್ದಳು.”

ಕಾಗದವನ್ನು ಮಡಿಸಿ ನನಗೇ ಕೊಟ್ಟರು, ನಿನ್ನ ಹತ್ತಿರ ಇರಲಿ ಎಂದರು. ಆಮೇಲೆ ಒಂದು ಪೋಸ್ಟ್‌ಕಾರ್ಡು ತಾ ಎಂದರು. ಅತ್ಯಾಳಿಗೆ ಬರೆಯಬೇಕಂತೆ. ಕಣ್ಣು ಇನ್ನೂ ಸಾಲಿನ ಮೇಲೆ ನಿಲ್ಲುವುದಿಲ್ಲ, ನೀನೇ ಬರೆ, ನೀನೇ ಬರೆದ ಹಾಗೆ ಬರೆ ಎಂದರು.

“ಏನಂತ ಬರೀಲಿ?”

“ಸೈನ್ಯದವರು ಆಮ್ಯಾಲ ಇನ್ನೊಂದ ಕಾಗದ ಕಳಿಸ್ಯಾರ, ತಂತಿಯ ನಕಲು ಸಿಕ್ಕಿತು ಅಂತ ಬರಿ. ಅದನ್ನ ಓದಿ ಅಣ್ಣಗ ಸಮಾಧಾನ ಆತು, ಬ್ಯಾರೆ ಏನೂ ಅವನ ಕಿವಿಗೆ ಹಾಕಿಲ್ಲ, ರಾಖಿಗೆ ಹಾದಿ ಕಾಯ್ತಾನ, ಬಾ ಅಂತ ಬರಿ.”

“ಅತ್ಯಾಗ ಗೊತ್ತದ, ತಂತಿ ಇರಲಿಲ್ಲಂತ.”

“ಗೊತ್ತಿರ್ಲಿ. ನೀ ಸುಳ್ಳ ಹೇಳಿ ನನ್ನ ನಂಬಿಸೀದಿ ಅಂತ ತಿಳೀತಾಳ. ಇಲ್ಲಂದ್ರ ಆಕಿ ಇನ್ನ ಮ್ಯಾಲ ಈ ಮನಿ ಹೊಸ್ತಿಲ ತುಳಿಯೂದಿಲ್ಲ. ನನಗ ಆ ಮನಿಯಿಂದ ಉಳದಾಕಿ ಆಕಿ ಒಬ್ಬಾಕಿ.”

ಬರೆಯುವುದಿಲ್ಲ ಎಂದೆ. ಅಪ್ಪ ಒತ್ತಾಯ ಮಾಡಲಿಲ್ಲ. ಉಯ್ಯಾಲೆಯ ಮೇಲೆ ಗೋಡೆಯ ಕಡೆ ಮುಖ ಮಾಡಿ ಮಲಗಿದರು. ಅವತ್ತು ಅವರು ಊಟಕ್ಕೂ ಏಳಲಿಲ್ಲ, ಸಂಜೆ ನೆರೆಯವರು ಬಂದು ಕರೆದರೂ ತಿರುಗಲಿಲ್ಲ. ಕತ್ತಲಾಗುವ ಮುಂಚೆ ನಾನು ಪೆನ್ನು ತೆಗೆದುಕೊಂಡು ಅವರು ಹೇಳಿದ್ದನ್ನು ಒಂದಕ್ಷರ ಬಿಡದೆ ಬರೆದೆ. ಓದಿ ಹೇಳಿದಾಗ ಸರಿ ಎಂದರು, ಎದ್ದು ಕೂತು ಅನ್ನ ಬಡಿಸು ಎಂದರು. ಬೆಳಿಗ್ಗೆ ಬ್ಯಾಂಕಿಗೆ ಹೋಗುವ ದಾರಿಯಲ್ಲಿ ಡಬ್ಬಿಗೆ ಹಾಕಿದೆ.

ಅತ್ಯಾ ಆ ವರ್ಷವೂ ಬಂದಳು. ಅಪ್ಪ ಸತ್ತಿದ್ದಾರೆಂದು ಸರಕಾರ ಕಳಿಸಿದ ತಂತಿಗೆ ಸಾಕ್ಷಿ ಹೇಳುವ ಕಾಗದ ಈ ಲೋಕದಲ್ಲಿ ಎಲ್ಲಾದರೂ ಉಳಿದಿದ್ದರೆ ಅದು ಅವಳ ಹತ್ತಿರವಿದ್ದ ಆ ಕಾರ್ಡು ಒಂದೇ, ಮತ್ತು ಅದರಲ್ಲಿರುವುದು ನನ್ನ ಅಕ್ಷರ.